ಎಂಜಿನ್ನಿನ ನಾಡಿಮಿಡಿತ: ತೈಲದ ಒತ್ತಡವನ್ನು ಓದುವ ಬಗೆ

ಕಾರಿನ ಚಾಲಕನ ಮುಂದಿರುವ ಫಲಕದಲ್ಲಿ ವೇಗವನ್ನು ತೋರುವ ಮುಳ್ಳಿನತ್ತ ನಮ್ಮೆಲ್ಲರ ಕಣ್ಣು ಸಹಜವಾಗಿಯೇ ಹರಿಯುತ್ತದೆ. ಪೆಟ್ರೋಲ್ ಎಷ್ಟು ಉಳಿದಿದೆ ಎಂಬುದನ್ನೂ ಗಮನಿಸುತ್ತೇವೆ. ಆದರೆ ಎಂಜಿನ್ನಿನ ಅಳಿವು ಉಳಿವಿಗೆ ನೇರವಾಗಿ ಸಂಬಂಧಿಸಿದ ಸೂಚನೆಯೊಂದಿದ್ದು, ಅದರತ್ತ ಗಮನ ಹರಿಸುವವರು ವಿರಳ. ಅದೇ ಎಂಜಿನ್ ಆಯಿಲ್ಲಿನ ಒತ್ತಡ. ನಮ್ಮ ಮನೆಗಳಲ್ಲಿರುವ ಬಹುತೇಕ ಕಾರುಗಳಲ್ಲಿ ಇದಕ್ಕಾಗಿ ಎಣ್ಣೆಯ ಗಿಂಡಿಯ ಚಿತ್ರವಿರುವ ಒಂದು ಕೆಂಪು ದೀಪವಷ್ಟೇ ಇರುತ್ತದೆ. ಶಕ್ತಿ ಹೆಚ್ಚಿಸಲೆಂದು ಮಾರ್ಪಡಿಸಿದ ಕಾರುಗಳಲ್ಲಾದರೋ ಮಾಪಕವೊಂದನ್ನು ಪ್ರತ್ಯೇಕವಾಗಿ ಅಳವಡಿಸಲಾಗುತ್ತದೆ. ಮಾಪಕ ಬಂದೊಡನೆ ಆತಂಕವೂ ಬರುತ್ತದೆ. ಬೆಳಿಗ್ಗೆ 60 ತೋರಿಸಿದ ಮುಳ್ಳು ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತಾಗ 20ಕ್ಕೆ ಇಳಿದರೆ ಎಂಜಿನ್ ಕೆಟ್ಟಿತೆಂದೇ ಅರ್ಥವೆ? ಒತ್ತಡ ಹೆಚ್ಚಿದಷ್ಟೂ ಒಳ್ಳೆಯದೆ?

ಪುಣೆ, ಚೆನ್ನೈಗಳ ವಾಹನೋದ್ಯಮದಲ್ಲಿ ದುಡಿಯುವವರು ನಮ್ಮ ಕುಟುಂಬಗಳಲ್ಲಿ ಅನೇಕರಿದ್ದಾರೆ. ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ವಾಹನ ಕ್ರೀಡೆಯತ್ತ ಆಕರ್ಷಿತರಾಗುವುದೂ ಹೊಸತಲ್ಲ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ದೆಹಲಿಯ ಮಗ್ಗುಲಿನ ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ಆರಂಭವಾದ ಬುದ್ಧ ಸರ್ಕ್ಯೂಟ್ ಇವೆಲ್ಲ ನಮ್ಮ ನಗರಗಳ ನೆರೆಯಲ್ಲೇ ಇವೆ. ಆದ್ದರಿಂದ ಈ ವಿಷಯವನ್ನು ಮೂಲದಿಂದ ಅರಿತುಕೊಳ್ಳುವುದು ಯುವಕರಿಗೂ ಅವರ ಹಿರಿಯರಿಗೂ ಉಪಯುಕ್ತವಾದೀತು.

ಉದಾಹರಣೆಗಾಗಿ ಇಲ್ಲಿ ಅಮೆರಿಕದ ಒಂದು ಪ್ರಸಿದ್ಧ ಎಂಜಿನ್ನನ್ನು ಆರಿಸಿಕೊಳ್ಳಲಾಗಿದೆ. ಪುಣೆಯ ಬಳಿಯ ತಳೇಗಾಂವ್‌ನಲ್ಲಿ 2020ರವರೆಗೆ ಕಾರುಗಳನ್ನು ತಯಾರಿಸುತ್ತಿದ್ದ ಜನರಲ್ ಮೋಟಾರ್ಸ್ ಸಂಸ್ಥೆಯದೇ ಆದ ಎಲ್‌ಎಸ್1 ಎಂಬ 5.7 ಲೀಟರ್ ಸಾಮರ್ಥ್ಯದ, ಎಂಟು ಸಿಲಿಂಡರುಗಳ ಎಂಜಿನ್ ಅದು. 1997ರ ಮಾದರಿಯ ಶೆವ್ರೊಲೆ ಕಾರ್ವೆಟ್‌ನೊಂದಿಗೆ ಬಂದು, 1998ರಿಂದ 2002ರವರೆಗಿನ ಕಮಾರೊ ಕಾರುಗಳಲ್ಲೂ ಬಳಕೆಯಾಯಿತು. ಹವ್ಯಾಸಿಗಳು ಅತಿ ಹೆಚ್ಚಾಗಿ ಮಾರ್ಪಡಿಸಿರುವ ಎಂಜಿನ್ನುಗಳಲ್ಲಿ ಇದೂ ಒಂದು. ಅದರ ಗುಣದೋಷಗಳೆರಡೂ ಚೆನ್ನಾಗಿ ತಿಳಿದಿರುವುದರಿಂದ ಪಾಠಕ್ಕೆ ಅನುಕೂಲ.

ಪಂಪು ಒತ್ತಡವನ್ನು ತಯಾರಿಸುವುದಿಲ್ಲ

ಮೊದಲು ಒಂದು ಸಾಮಾನ್ಯ ತಪ್ಪುಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಆಯಿಲ್ ಪಂಪಿನ ಕೆಲಸ ಒತ್ತಡವನ್ನುಂಟುಮಾಡುವುದು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಉಂಟುಮಾಡುವುದು ಹರಿವನ್ನು. ಪ್ರತಿ ಸುತ್ತಿಗೂ ನಿಗದಿತ ಪ್ರಮಾಣದ ತೈಲವನ್ನು ಅದು ಮುಂದಕ್ಕೆ ನೂಕುತ್ತದೆ. ಆ ತೈಲಕ್ಕೆ ಹೊರಹೋಗುವ ದಾರಿ ಕಿರಿದಾಗಿದ್ದಾಗ ಪ್ರತಿರೋಧ ಹುಟ್ಟುತ್ತದೆ. ಆ ಪ್ರತಿರೋಧವೇ ಮಾಪಕದಲ್ಲಿ ಒತ್ತಡವಾಗಿ ಕಾಣಿಸಿಕೊಳ್ಳುತ್ತದೆ. ಹಿತ್ತಲಿನ ಗಿಡಗಳಿಗೆ ನೀರು ಹಾಯಿಸುವಾಗ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರಕ್ಕೆ ಚಿಮ್ಮುವುದನ್ನು ಎಲ್ಲರೂ ಕಂಡಿದ್ದೇವೆ. ನಲ್ಲಿ ಬದಲಾಗಿಲ್ಲ, ಬದಲಾದದ್ದು ಹೊರದಾರಿ ಮಾತ್ರ.

ಎಂಜಿನ್ನಿನಲ್ಲಿ ಈ ಹೊರದಾರಿಗಳೆಂದರೆ ಬೇರಿಂಗುಗಳ ಸಂದುಗಳು. ಕ್ರ್ಯಾಂಕ್ ಶಾಫ್ಟ್ ಎಂಬ ಮುಖ್ಯ ದಂಡವು ಬೇರಿಂಗುಗಳೊಳಗೆ ತಿರುಗುತ್ತದೆ. ದಂಡಕ್ಕೂ ಬೇರಿಂಗಿಗೂ ನಡುವೆ ಒಂದಿಷ್ಟು ಸಂದನ್ನು ಬೇಕೆಂದೇ ಬಿಟ್ಟಿರುತ್ತಾರೆ. ದಂಡದ ವ್ಯಾಸದ ಪ್ರತಿ ಅಂಗುಲಕ್ಕೆ ಒಂದು ಅಂಗುಲದ ಸಾವಿರದಲ್ಲೊಂದು ಭಾಗದಷ್ಟು ಸಂದು ಇರಬೇಕೆಂಬುದು ಎಂಜಿನ್ ಕಟ್ಟುವವರ ಹಳೆಯ ಲೆಕ್ಕ. ಎಲ್‌ಎಸ್1ರ ಮುಖ್ಯ ದಂಡದ ವ್ಯಾಸ 65 ಮಿಲಿಮೀಟರ್. ಈ ಲೆಕ್ಕದಂತೆ ಅದರ ಸಂದು ಸುಮಾರು 0.065 ಮಿಲಿಮೀಟರ್, ಅಂದರೆ ಹೆಚ್ಚು ಕಡಿಮೆ ನಮ್ಮ ತಲೆಗೂದಲಿನ ದಪ್ಪ. ಪಂಪು ನೂಕಿದ ತೈಲವೆಲ್ಲ ಇಂತಹ ಕೂದಲೆಳೆಯ ಸಂದುಗಳ ಮೂಲಕವೇ ಸೋರಿ ಕೆಳಗಿನ ತೊಟ್ಟಿಗೆ ಮರಳಬೇಕು.

ಭಾರವನ್ನು ಹೊರುವುದು ಯಾವುದು?

ಹಾಗಾದರೆ ಮಾಪಕ ತೋರುವ ಒತ್ತಡವೇ ಆ ಭಾರಿ ದಂಡವನ್ನು ಎತ್ತಿ ಹಿಡಿಯುತ್ತದೆಯೆ? ಇಲ್ಲ. ಇದಕ್ಕೆ ಉತ್ತರ ದೊರೆತದ್ದು ಕಾರುಗಳ ಯುಗಕ್ಕೂ ಮೊದಲು. ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲುಗಾಡಿಯ ಅಚ್ಚುಗಳ ಬೇರಿಂಗುಗಳನ್ನು ಕುರಿತು ಪ್ರಯೋಗ ನಡೆಸಿ 1883ರಲ್ಲಿ ವರದಿ ಪ್ರಕಟಿಸಿದರು. ಎಣ್ಣೆ ಹಾಕಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಅವರು ಕೊರೆದ ರಂಧ್ರದಿಂದ, ಅಚ್ಚು ತಿರುಗತೊಡಗಿದಾಗ ಎಣ್ಣೆಯೇ ಮೇಲಕ್ಕೆ ಉಕ್ಕಿ ಬಂದಿತು. ರಂಧ್ರವನ್ನು ಬಿರಡೆಯಿಂದ, ಬಳಿಕ ಮರದ ಬೆಣೆಯಿಂದ ಮುಚ್ಚಿದರೂ ಅದು ಹೊರಕ್ಕೆ ತಳ್ಳಲ್ಪಟ್ಟಿತು. ಅಲ್ಲಿ ಮಾಪಕವನ್ನು ಜೋಡಿಸಿ ನೋಡಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡುಗಳನ್ನೂ ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಸುಮಾರು 100 ಪೌಂಡು ಮಾತ್ರವಾಗಿತ್ತು. ಪಂಪೇ ಇಲ್ಲದ ಕಡೆ ಇಷ್ಟೊಂದು ಒತ್ತಡ ಎಲ್ಲಿಂದ ಬಂತು?

1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ನೀಡಿದರು. ತಿರುಗುವ ಅಚ್ಚು ತನಗೆ ಅಂಟಿಕೊಂಡ ತೈಲವನ್ನು ತನ್ನೊಡನೆ ಎಳೆದುಕೊಂಡು ಹೋಗಿ, ಕ್ರಮೇಣ ಕಿರಿದಾಗುವ ಸಂದಿನೊಳಗೆ ತುರುಕುತ್ತದೆ. ಹೀಗೆ ಬೆಣೆಯಾಕಾರದಲ್ಲಿ ಸಿಕ್ಕಿಕೊಂಡ ತೈಲವೇ ಭಾರವನ್ನು ಎತ್ತಿ ಹಿಡಿಯುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋಗುವ ಕಾರಿನ ಚಕ್ರ ನೀರಿನ ಮೇಲೇರಿ ಹಿಡಿತ ತಪ್ಪುವುದೂ ಇದೇ ತತ್ವದಿಂದ. ರಸ್ತೆಯಲ್ಲಿ ಅಪಾಯಕಾರಿಯಾದುದು ಬೇರಿಂಗಿನಲ್ಲಿ ಪ್ರಾಣರಕ್ಷಕ!

ಇಂದಿನ ಎಂಜಿನ್ನುಗಳ ಬೇರಿಂಗುಗಳಲ್ಲಿ ಈ ಬೆಣೆಯ ಒತ್ತಡ ಕ್ಷಣಕಾಲ ಸಾವಿರಾರು ಪೌಂಡುಗಳಿಗೆ ಏರುತ್ತದೆ. ಮಾಪಕದಲ್ಲಿ ಕಾಣುವ 40, 50 ಪೌಂಡುಗಳ ಕೆಲಸ ಬೇರೆ: ಬದಿಗಳಿಂದ ಸೋರಿಹೋದ ತೈಲದ ಜಾಗಕ್ಕೆ ಹೊಸ ತೈಲವನ್ನು ಸತತವಾಗಿ ಒದಗಿಸುವುದು ಮತ್ತು ಬೇರಿಂಗಿನ ಶಾಖವನ್ನು ಹೊತ್ತೊಯ್ಯುವುದು. ಪೂರೈಕೆ ನಿಂತರೆ ಬೆಣೆ ಕುಸಿಯುತ್ತದೆ. ಲೋಹಕ್ಕೆ ಲೋಹ ತಾಗುತ್ತದೆ. ಹೆಚ್ಚಿನ ವೇಗದಲ್ಲಿದ್ದರೆ ಕೆಲವೇ ಕ್ಷಣಗಳಲ್ಲಿ ಬೇರಿಂಗ್ ಹಾಳಾಗುತ್ತದೆ. ಆದ್ದರಿಂದ ಒತ್ತಡವೆಂಬುದು ಪೂರೈಕೆ ನಡೆಯುತ್ತಿದೆ ಎಂಬುದರ ಸಾಕ್ಷಿ. ವೈದ್ಯರು ನಾಡಿ ಹಿಡಿದು ನೋಡುವಂತೆಯೇ ಇದನ್ನೂ ನೋಡಬೇಕು.

ಮುಳ್ಳನ್ನು ಆಡಿಸುವ ಮೂರು ಅಂಶಗಳು

ಮೊದಲನೆಯದು ಎಂಜಿನ್ನಿನ ವೇಗ. ಎಲ್‌ಎಸ್1ರಲ್ಲಿ ಪಂಪು ಕ್ರ್ಯಾಂಕ್ ಶಾಫ್ಟಿನ ಮುಂತುದಿಯಲ್ಲೇ ಕುಳಿತು ಅದರೊಂದಿಗೇ ತಿರುಗುತ್ತದೆ. ವೇಗ ಇಮ್ಮಡಿಯಾದರೆ ಹರಿವೂ ಸರಿಸುಮಾರು ಇಮ್ಮಡಿಯಾಗುತ್ತದೆ, ಒತ್ತಡ ಏರುತ್ತದೆ. ಈ ಏರಿಕೆ ಮಿತಿಮೀರದಂತೆ ಸ್ಪ್ರಿಂಗಿನಿಂದ ಕೆಲಸ ಮಾಡುವ ಒಂದು ಕವಾಟವಿರುತ್ತದೆ. ನಿಗದಿತ ಒತ್ತಡ ತಲುಪಿದೊಡನೆ ಅದು ತೆರೆದುಕೊಂಡು ಹೆಚ್ಚುವರಿ ತೈಲವನ್ನು ಹಿಂದಕ್ಕೆ ಬಿಡುತ್ತದೆ. ಪ್ರೆಷರ್ ಕುಕ್ಕರಿನ ತೂಕ ಮಾಡುವ ಕೆಲಸವೂ ಇಂಥದೇ. ಒಂದು ವೇಗದ ಬಳಿಕ ಮುಳ್ಳು ಮೇಲೇರದೆ ನಿಂತರೆ ಅದು ದೋಷವಲ್ಲ, ಕವಾಟ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಎರಡನೆಯದು ತೈಲದ ಸ್ನಿಗ್ಧತೆ, ಅರ್ಥಾತ್ ಅದರ ಮಂದತನ. ಇದು ಉಷ್ಣತೆಯನ್ನು ಅವಲಂಬಿಸಿದೆ. 5ಡಬ್ಲ್ಯು-30 ದರ್ಜೆಯ ತೈಲವು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ತೆಳುವಾಗುತ್ತದೆ. 130 ಡಿಗ್ರಿಗೆ ಏರಿದರೆ 100 ಡಿಗ್ರಿಯಲ್ಲಿ ಇದ್ದುದರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಚಳಿಯಲ್ಲಿ ಗಟ್ಟಿಯಾಗುವ ಕೊಬ್ಬರಿ ಎಣ್ಣೆ ಬಾಣಲೆಯಲ್ಲಿ ನೀರಿನಂತೆ ಹರಿಯುವುದು ಎಲ್ಲರಿಗೂ ಗೊತ್ತು. ಬೆಳಿಗ್ಗೆಯ 60 ಮಧ್ಯಾಹ್ನ 25 ಆಗುವುದಕ್ಕೆ ಮುಖ್ಯ ಕಾರಣ ಇಷ್ಟೇ. ಆದುದರಿಂದ ತೈಲದ ಉಷ್ಣತೆಯನ್ನು ತಿಳಿಯದೆ ಒತ್ತಡದ ಅಂಕಿಯೊಂದನ್ನೇ ಹಿಡಿದು ತೀರ್ಮಾನಿಸುವುದು ಸಲ್ಲದು.

ಮೂರನೆಯದು ಸಂದಿನ ಅಳತೆ. ಇಲ್ಲಿ ಒಂದು ಸ್ವಾರಸ್ಯವಿದೆ. ಕಿರಿದಾದ ಸಂದಿನ ಮೂಲಕ ಸೋರುವ ತೈಲದ ಪ್ರಮಾಣವು ಸಂದಿನ ಅಳತೆಯ ಘನಕ್ಕೆ ಅನುಗುಣವಾಗಿರುತ್ತದೆ. ಅಂಗುಲದ ಸಾವಿರದಲ್ಲಿ ಎರಡೂವರೆ ಭಾಗವಿದ್ದ ಸಂದು ಮೂರು ಭಾಗವಾದರೆ ಹೆಚ್ಚಳ ಶೇಕಡ 20 ಮಾತ್ರ. ಆದರೆ ಅದೇ ಒತ್ತಡದಲ್ಲಿ ಸೋರಿಕೆ ಸುಮಾರು 1.7 ಪಟ್ಟಾಗುತ್ತದೆ. ಬೇರಿಂಗ್ ಸ್ವಲ್ಪವೇ ಸವೆದರೂ ಮುಳ್ಳು ಗಣನೀಯವಾಗಿ ಇಳಿಯುವುದು ಈ ಕಾರಣದಿಂದಲೇ.

ಎಷ್ಟಿದ್ದರೆ ಸಾಕು?

ಅಮೆರಿಕದ ಹವ್ಯಾಸಿಗಳಲ್ಲಿ ಒಂದು ನಿಯಮ ಬಹುಕಾಲದಿಂದ ಪ್ರಚಲಿತವಾಗಿದೆ: ನಿಮಿಷಕ್ಕೆ ಪ್ರತಿ 1,000 ಸುತ್ತಿಗೆ 10 ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ 10 ಪೌಂಡು. ಇದರ ಪ್ರಕಾರ 6,000 ಸುತ್ತಿನಲ್ಲಿ 60 ಪಿಎಸ್‌ಐ ಬೇಕು. ಆದರೆ ಎಲ್‌ಎಸ್1ಕ್ಕೆ ತಯಾರಕರೇ ನಿಗದಿಪಡಿಸಿದ ಕನಿಷ್ಠ ಪ್ರಮಾಣ ಹೀಗಿದೆ: ಎಂಜಿನ್ ಬಿಸಿಯಾಗಿರುವಾಗ 1,000 ಸುತ್ತಿನಲ್ಲಿ 6 ಪಿಎಸ್‌ಐ, 2,000 ಸುತ್ತಿನಲ್ಲಿ 18, 4,000 ಸುತ್ತಿನಲ್ಲಿ 24. ಹವ್ಯಾಸಿಗಳ ನಿಯಮದಂತೆ 4,000 ಸುತ್ತಿಗೆ 40 ಬೇಕಿತ್ತು. ತಯಾರಕರು 24 ಸಾಕೆನ್ನುತ್ತಾರೆ. ಯಾರು ಸರಿ?

ಇಬ್ಬರೂ ಸರಿ. ತಯಾರಕರ ಅಂಕಿ ಇದಕ್ಕಿಂತ ಕೆಳಗಿಳಿದರೆ ದುರಸ್ತಿ ಅಗತ್ಯ ಎಂಬ ಗಡಿರೇಖೆ. ಹವ್ಯಾಸಿಗಳ ನಿಯಮವಾದರೋ ಪಂದ್ಯದಲ್ಲಿ ದೀರ್ಘಕಾಲ ಗರಿಷ್ಠ ವೇಗದಲ್ಲಿ ಓಡುವ, ತೈಲ ಕುದಿಯುವಷ್ಟು ಬಿಸಿಯಾಗುವ ಎಂಜಿನ್ನಿಗೆ ಬೇಕಾದ ಸುರಕ್ಷತೆಯ ಅಂತರವನ್ನು ಒಳಗೊಂಡ ಲೆಕ್ಕ. ಪಾಸಾಗಲು 35 ಅಂಕ ಸಾಕು. ಹಾಗೆಂದು 36 ಬಂದ ಮಗನನ್ನು ಯಾವ ತಂದೆತಾಯಿಯೂ ನಿಶ್ಚಿಂತೆಯಿಂದ ನೋಡುವುದಿಲ್ಲವಷ್ಟೆ. ಸುಸ್ಥಿತಿಯಲ್ಲಿರುವ ಎಲ್‌ಎಸ್1 ಬಿಸಿಯಾಗಿ ನಿಂತಲ್ಲೇ ಓಡುತ್ತಿರುವಾಗ ಸಾಮಾನ್ಯವಾಗಿ 25ರಿಂದ 35 ಪಿಎಸ್‌ಐ ತೋರಿಸುತ್ತದೆ.

ಇನ್ನು ಹೆಚ್ಚಿನ ಒತ್ತಡ ಒಳ್ಳೆಯದೆ ಎಂಬ ಪ್ರಶ್ನೆ. ಅಗತ್ಯಕ್ಕಿಂತ ಹೆಚ್ಚಿನ ಒತ್ತಡವು ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತದೆ ಮತ್ತು ತೈಲವನ್ನು ಇನ್ನಷ್ಟು ಬಿಸಿಮಾಡುತ್ತದೆ. ಅತಿ ಮಂದವಾದ ತೈಲವನ್ನು ಹಾಕಿ ಮುಳ್ಳನ್ನು ಮೇಲೇರಿಸಬಹುದು. ಆದರೆ ಪ್ರತಿರೋಧ ಹೆಚ್ಚಿ ಹರಿವು ಕುಂಠಿತವಾದರೆ ಬೇರಿಂಗಿಗೆ ಲಾಭವೇನು? ರಕ್ತನಾಳ ಕಟ್ಟಿಕೊಂಡಾಗಲೂ ರಕ್ತದೊತ್ತಡ ಏರುತ್ತದೆ, ಅದನ್ನು ಆರೋಗ್ಯವೆನ್ನುವವರುಂಟೆ?

ಮಾರ್ಪಡಿಸಿದಾಗ ಬದಲಾಗುವುದೇನು?

ಕಾರ್ಖಾನೆಯಿಂದ ಬಂದ ಎಂಜಿನ್ನಿಗೆ ಕೈಪಿಡಿಯ ಅಂಕಿಗಳು ಅನ್ವಯಿಸುತ್ತವೆ. ಮಾರ್ಪಡಿಸಿದ ಎಂಜಿನ್ನಿಗೆ ಅವು ಹಾಗೆಯೇ ಅನ್ವಯಿಸುವುದಿಲ್ಲ.

ಹೆಚ್ಚಿನ ಶಕ್ತಿಗಾಗಿ ಕಟ್ಟಿದ ಎಂಜಿನ್ನುಗಳಲ್ಲಿ ಬೇರಿಂಗಿನ ಸಂದನ್ನು ಉದ್ದೇಶಪೂರ್ವಕವಾಗಿ ತುಸು ಹೆಚ್ಚಿಸುತ್ತಾರೆ. ಭಾರದಿಂದ ದಂಡ ಬಾಗಿದಾಗ ತಾಗದಿರಲಿ, ಹೆಚ್ಚು ತೈಲ ಹರಿದು ಶಾಖವನ್ನು ಒಯ್ಯಲಿ ಎಂಬುದು ಉದ್ದೇಶ. ಪರಿಣಾಮವಾಗಿ ಅದೇ ತೈಲದಲ್ಲಿ ಒತ್ತಡ ಇಳಿಯುತ್ತದೆ. ಅದನ್ನು ಸರಿದೂಗಿಸಲು ಮಂದವಾದ ತೈಲವನ್ನೋ ದೊಡ್ಡ ಪಂಪನ್ನೋ ಬಳಸುತ್ತಾರೆ. 100 ಡಿಗ್ರಿಯಲ್ಲಿ 30 ದರ್ಜೆಯ ತೈಲದ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರಬೇಕು; 50 ದರ್ಜೆಯದು 16.3ರಿಂದ 21.9ರ ಒಳಗೆ. ಯಾವ ತೈಲ ಸರಿಯೆಂಬುದನ್ನು ನಿರ್ಧರಿಸಬೇಕಾದುದು ಸಂದಿನ ಅಳತೆ ಮತ್ತು ತೈಲದ ಉಷ್ಣತೆ. ಗೆಳೆಯನ ಕಾರಿನಲ್ಲಿ ಯಾವ ಡಬ್ಬಿ ಖಾಲಿಯಾಯಿತು ಎಂಬುದಲ್ಲ.

ತೈಲವನ್ನು ತಂಪಾಗಿಸುವ ಕೂಲರ್ ಅಳವಡಿಸಿದರೆ, ಅದರ ಕೊಳವೆಗಳ ಪ್ರತಿರೋಧದಿಂದ ಒಂದಿಷ್ಟು ಒತ್ತಡ ನಷ್ಟವಾಗುತ್ತದೆ. ತಂಪಾದ ತೈಲ ಮಂದವಾಗಿರುವುದರಿಂದ ಒಂದಿಷ್ಟು ಮರಳಿ ಬರುತ್ತದೆ. ಟರ್ಬೊ ಜೋಡಿಸಿದರೆ ಅದರ ಬೇರಿಂಗಿಗೂ ತೈಲ ಬೇಕು. ಹೊರದಾರಿ ಒಂದು ಹೆಚ್ಚಿದಂತಾಯಿತು. ದೊಡ್ಡ ಇಂಜೆಕ್ಟರುಗಳಿಂದ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿದರೆ ಅದು ಸಿಲಿಂಡರಿನ ಗೋಡೆಯಿಂದ ಕೆಳಗಿಳಿದು ತೈಲದಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ. ಅಳತೆಕಡ್ಡಿಯನ್ನು ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ ಅದನ್ನು ಅಲಕ್ಷಿಸಬಾರದು.

ಮತ್ತೊಂದು ಮಹತ್ವದ ಸಂಗತಿ ತಿರುವುಗಳದ್ದು. ಪಂದ್ಯದ ಹಾದಿಯ ದೀರ್ಘ ತಿರುವಿನಲ್ಲಿ, ವಿಶೇಷವಾಗಿ ಹಿಡಿತ ಹೆಚ್ಚಿರುವ ಟೈರುಗಳಿದ್ದಾಗ, ತೊಟ್ಟಿಯ ತೈಲವೆಲ್ಲ ಒಂದು ಬದಿಗೆ ವಾಲುತ್ತದೆ. ಹೀರುಗೊಳವೆಯ ಬಾಯಿ ಬರಿದಾಗಿ ಪಂಪು ಗಾಳಿಯನ್ನು ಹೀರುತ್ತದೆ. ನೇರ ರಸ್ತೆಯಲ್ಲಿ 55 ತೋರಿಸುತ್ತಿದ್ದ ಮುಳ್ಳು ತಿರುವಿನ ನಡುವೆ ಸರ್ರನೆ ಬೀಳುತ್ತದೆ, ಮತ್ತೆ ಏರುತ್ತದೆ. ಚಾಲಕನ ದೃಷ್ಟಿ ಆಗ ರಸ್ತೆಯ ಮೇಲಿರುವುದರಿಂದ ಇದು ಅವನ ಗಮನಕ್ಕೇ ಬಾರದಿರಬಹುದು. ಮಾಪಕವಷ್ಟೇ ಸಾಲದು, ಒತ್ತಡ ಬಿದ್ದೊಡನೆ ಪ್ರಖರವಾಗಿ ಉರಿಯುವ ದೀಪವೂ ಒತ್ತಡವನ್ನು ದಾಖಲಿಸುವ ಉಪಕರಣವೂ ಬೇಕೆನ್ನುವುದು ಇದಕ್ಕಾಗಿ. ತೊಟ್ಟಿಯೊಳಗೆ ಅಡ್ಡಗೋಡೆಗಳನ್ನು ಹಾಕುವುದು ಒಂದು ಪರಿಹಾರ. ಜನರಲ್ ಮೋಟಾರ್ಸ್ ಸಂಸ್ಥೆಯೇ 2006ರ ಮಾದರಿಯ ಕಾರ್ವೆಟ್ ಜ಼ಡ್06ರ 7 ಲೀಟರ್ ಎಲ್‌ಎಸ್7 ಎಂಜಿನ್ನಿಗೆ ತೈಲವನ್ನು ಪ್ರತ್ಯೇಕ ಟ್ಯಾಂಕಿನಲ್ಲಿ ಕೂಡಿಡುವ ಡ್ರೈ ಸಂಪ್ ವ್ಯವಸ್ಥೆಯನ್ನು ಒದಗಿಸಿತು.

ಮಾಪಕವನ್ನು ನಂಬುವ ಮುನ್ನ

ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಮಾಪಕದಲ್ಲಿ ಬಾಗಿದ ಲೋಹದ ಕೊಳವೆಯೊಂದು ಒತ್ತಡಕ್ಕೆ ನೆಟ್ಟಗಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುತ್ತದೆ. ಇಂದಿಗೂ ವರ್ಕ್‌ಶಾಪುಗಳಲ್ಲಿ ಬಳಸುವುದು ಇದನ್ನೇ. ಕಾರಿನೊಳಗೆ ಕೂರಿಸುವ ಮಾಪಕಗಳು ಹೆಚ್ಚಾಗಿ ವಿದ್ಯುತ್ ಸಂವೇದಕವನ್ನು ಅವಲಂಬಿಸಿರುತ್ತವೆ. 0ಯಿಂದ 100 ಪಿಎಸ್‌ಐವರೆಗಿನ ಒತ್ತಡವನ್ನು 0.5ರಿಂದ 4.5 ವೋಲ್ಟಿನ ಸಂಕೇತವಾಗಿ ಕಳುಹಿಸುವ ಸಂವೇದಕಗಳು ಸಾಮಾನ್ಯ. ಲೆಕ್ಕ ಹಾಕಿದರೆ ಪ್ರತಿ 0.1 ವೋಲ್ಟಿಗೆ 2.5 ಪಿಎಸ್‌ಐ ಆಯಿತು. ಅರ್ತಿಂಗ್ ಸಡಿಲವಾಗಿ ಇಷ್ಟು ವ್ಯತ್ಯಾಸವಾಗುವುದು ಅಪರೂಪವಲ್ಲ. 60ರಲ್ಲಿ ಇದು ನಗಣ್ಯ. ಆದರೆ ಬಿಸಿ ಎಂಜಿನ್ನಿನ 12ರಲ್ಲಿ ಇದೇ ಭಯಕ್ಕೂ ಸಮಾಧಾನಕ್ಕೂ ಇರುವ ಅಂತರವಾಗಬಹುದು.

ಸಂವೇದಕವನ್ನು ಕೂರಿಸಿದ ಸ್ಥಳವೂ ಮುಖ್ಯ. ಫಿಲ್ಟರಿಗೆ ಮೊದಲು ಅಳೆದರೆ ಹೆಚ್ಚು, ಫಿಲ್ಟರಿನ ನಂತರ ಅಳೆದರೆ ಕಡಿಮೆ ಕಾಣುತ್ತದೆ. ಒಂದೇ ಎಂಜಿನ್ನುಳ್ಳ ಇಬ್ಬರು ತಮ್ಮ ಅಂಕಿಗಳನ್ನು ಹೋಲಿಸಿ ಚಿಂತಿಸುವ ಮೊದಲು ಎಲ್ಲಿ ಅಳೆದದ್ದು ಎಂದು ಕೇಳಿಕೊಳ್ಳಬೇಕು. ಎಲ್‌ಎಸ್1ರ ಮೂಲ ಸಂವೇದಕ ಎಂಜಿನ್ನಿನ ಹಿಂಭಾಗದಲ್ಲಿ, ಗಾಳಿ ಒಳಹೋಗುವ ಮ್ಯಾನಿಫೋಲ್ಡಿನ ಹಿಂದೆ, ಕೈಗೆಟುಕದ ಜಾಗದಲ್ಲಿದೆ. ವರ್ಷಗಳ ಶಾಖಕ್ಕೆ ಸಿಕ್ಕಿ ಅದು ತಪ್ಪು ಹೇಳತೊಡಗುವುದು ಬಹಳ ಸಾಮಾನ್ಯ.

ಮಾನಗಳ ಗೊಂದಲವೂ ಉಂಟು. ಟೈರಿಗೆ ಗಾಳಿ ತುಂಬಿಸುವಾಗ ನಾವು ಪಿಎಸ್‌ಐ ಎನ್ನುತ್ತೇವೆ. ಜಪಾನಿ ಮಾಪಕಗಳಲ್ಲಿ ಚದರ ಸೆಂಟಿಮೀಟರಿಗೆ ಕಿಲೊಗ್ರಾಂ, ಯುರೋಪಿನವುಗಳಲ್ಲಿ ಬಾರ್ ಎಂದಿರುತ್ತದೆ. 1 ಬಾರ್ ಎಂದರೆ 14.5 ಪಿಎಸ್‌ಐ, ಚದರ ಸೆಂಟಿಮೀಟರಿಗೆ 1 ಕಿಲೊಗ್ರಾಂ ಎಂದರೆ ಸುಮಾರು 14.2 ಪಿಎಸ್‌ಐ. ಮಾಪಕದಲ್ಲಿ 4 ಎಂದು ಕಂಡು ಗಾಬರಿಯಾಗುವ ಮೊದಲು ಅದು 4 ಬಾರ್, ಅಂದರೆ 58 ಪಿಎಸ್‌ಐ ಇರಬಹುದೆಂಬುದನ್ನು ನೆನೆಯಬೇಕು.

ಸಂಶಯವಿದ್ದರೆ ಎಂಜಿನ್ ಬಿಚ್ಚುವ ಮಾತು ಆಮೇಲೆ. ಮೊದಲು ವರ್ಕ್‌ಶಾಪಿನ ಯಾಂತ್ರಿಕ ಮಾಪಕವನ್ನು ಜೋಡಿಸಿ ಎರಡನ್ನೂ ಹೋಲಿಸಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ, ತಪ್ಪುವ ವೆಚ್ಚ ಅಪಾರ.

ರೋಗಲಕ್ಷಣಗಳು

ಒಂದೇ ಅಂಕಿಗಿಂತ ಅಂಕಿಗಳ ನಡೆ ಹೆಚ್ಚು ತಿಳಿಸುತ್ತದೆ. ಮುಖ್ಯವಾದ ಕೆಲವನ್ನು ಇಲ್ಲಿ ಹೇಳಬಹುದು.

ಬಿಸಿಯಾಗಿ ನಿಂತಲ್ಲೇ ಓಡುವಾಗ ಮಾತ್ರ ಒತ್ತಡ ಕಡಿಮೆಯಿದ್ದು, ವೇಗ ಏರಿದಂತೆ ಸರಿಯಾಗಿ ಏರಿದರೆ: ತೈಲ ತೆಳುವಾಗಿದೆ, ಇಲ್ಲವೆ ಸಂದು ಹೆಚ್ಚಿದೆ. ಸಂದು ಹೆಚ್ಚಿಸಿ ಕಟ್ಟಿದ ಎಂಜಿನ್ನಿನಲ್ಲಿ ಇದು ನಿರೀಕ್ಷಿತವೇ.

ಎಲ್ಲ ವೇಗಗಳಲ್ಲೂ ಕಡಿಮೆಯಿದ್ದರೆ: ಸಂವೇದಕ, ತೈಲದ ಮಟ್ಟ, ತೆರೆದೇ ಉಳಿದ ಕವಾಟ, ಸವೆದ ಪಂಪು, ಸವೆದ ಬೇರಿಂಗ್, ಈ ಅನುಕ್ರಮದಲ್ಲಿ ಪರಿಶೀಲನೆ ನಡೆಯಬೇಕು.

ಎಂಜಿನ್ ಕೆಲಸವಾದ ಕೂಡಲೆ ಒತ್ತಡ ಇಳಿದರೆ: ಎಲ್‌ಎಸ್1ರಲ್ಲಿ ಮೊದಲ ಸಂಶಯ ಒಂದು ಪುಟ್ಟ ರಬ್ಬರ್ ಉಂಗುರದ ಮೇಲೆ. ತೊಟ್ಟಿಯಿಂದ ತೈಲ ಹೀರುವ ಕೊಳವೆ ಪಂಪಿಗೆ ಸೇರುವಲ್ಲಿ ಓ-ರಿಂಗ್ ಇರುತ್ತದೆ. ಕ್ಯಾಮ್ ಶಾಫ್ಟ್ ಬದಲಿಸಲು ಪಂಪನ್ನು ಸರಿಸಿದಾಗ ಇದು ಹರಿದರೆ ಅಥವಾ ತಪ್ಪು ಅಳತೆಯದನ್ನು ಹಾಕಿದರೆ ಪಂಪು ತೈಲದೊಂದಿಗೆ ಗಾಳಿಯನ್ನೂ ಹೀರುತ್ತದೆ. ಮುಳ್ಳು ತಡವಾಗಿ ಏರುತ್ತದೆ, ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಅತಿ ಅಗ್ಗದ ಈ ಉಂಗುರವೊಂದು ಲಕ್ಷಾಂತರ ಬೆಲೆಯ ಎಂಜಿನ್ನನ್ನು ಆಹುತಿ ತೆಗೆದುಕೊಳ್ಳಬಲ್ಲದು.

ವಾರದಿಂದ ವಾರಕ್ಕೆ ಒಂದೇ ಉಷ್ಣತೆಯಲ್ಲಿ, ಒಂದೇ ವೇಗದಲ್ಲಿ ಒತ್ತಡ ನಿಧಾನವಾಗಿ ಇಳಿಯುತ್ತಿದ್ದರೆ: ಇದು ಅತ್ಯಂತ ಗಂಭೀರ. ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳಲ್ಲಿ ತಾಮ್ರದ ಬಣ್ಣದ ಹೊಳಪು ಇದೆಯೆ ಎಂದು ನೋಡಬೇಕು. ಬೇರಿಂಗಿನ ಒಳಪದರ ಸವೆಯುತ್ತಿರುವುದಕ್ಕೆ ಅದು ಸಾಕ್ಷಿ.

ಈ ಹೋಲಿಕೆಗೆ ದಾಖಲೆ ಬೇಕು. ಎಂಜಿನ್ ಹೊಸದಾಗಿ ಕಟ್ಟಿದಾಗಲೇ, ತೈಲ 100 ಡಿಗ್ರಿಯಲ್ಲಿರುವಾಗ 1,000, 2,000, 4,000, 6,000 ಸುತ್ತುಗಳಲ್ಲಿನ ಒತ್ತಡವನ್ನು ಪುಸ್ತಕವೊಂದರಲ್ಲಿ ಬರೆದಿಡುವುದು ಉತ್ತಮ. ಮನೆಯ ಹಿರಿಯರ ಬಿ.ಪಿ. ಅಂಕಿಗಳನ್ನು ಬರೆದಿಡುವ ನಮಗೆ ಇದು ಹೊಸ ಅಭ್ಯಾಸವೇನಲ್ಲ. ಇತರರ ಎಂಜಿನ್ನಿನ ಅಂಕಿಗಿಂತ ತನ್ನದೇ ಎಂಜಿನ್ನಿನ ನಿನ್ನೆಯ ಅಂಕಿ ಹೆಚ್ಚು ವಿಶ್ವಾಸಾರ್ಹ.

ಊರಿಗೆ ಹೊರಟ ಕುಟುಂಬಗಳಿಗೆ

ಮಾರ್ಪಡಿಸಿದ ಕಾರು ನಮಗೇಕೆ ಎನ್ನುವವರಿಗೂ ಇಲ್ಲೊಂದು ಮಾತಿದೆ. ಬೇಸಿಗೆ ರಜೆಯಲ್ಲಿ ಮುಂಬಯಿ, ಪುಣೆಗಳಿಂದ ಕಾರಿನಲ್ಲೇ ಊರಿಗೆ ಹೊರಡುವ ಕುಟುಂಬಗಳು ಬಹಳ. ಖಂಬಾಟಕಿ ಘಾಟಿನ ಏರಿನಲ್ಲೋ ಕರಾವಳಿಯ ಹೆದ್ದಾರಿಯಲ್ಲೋ ಆ ಕೆಂಪು ದೀಪ ಹೊತ್ತಿಕೊಂಡಿತೆನ್ನಿ. ಇದು ಸರ್ವೀಸ್ ಮಾಡಿಸುವಂತೆ ನೆನಪಿಸುವ ದೀಪವಲ್ಲ. ಹಲವು ಕಾರುಗಳಲ್ಲಿ ಒತ್ತಡ 0.3ರಿಂದ 0.5 ಬಾರ್‌ಗಿಂತ ಕೆಳಗೆ ಕುಸಿದ ಮೇಲಷ್ಟೇ ಅದು ಹೊತ್ತುತ್ತದೆ. ಅಂದರೆ ಎಚ್ಚರಿಕೆಯ ಕಾಲ ಮುಗಿದು ಹಾನಿಯ ಕಾಲ ಆರಂಭವಾಗಿದೆ ಎಂದರ್ಥ. ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣವೆಂಬ ಯೋಚನೆ ಸಲ್ಲದು. ಸುರಕ್ಷಿತವಾಗಿ ಬದಿಗೆ ಸರಿದು ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಕೆಲ ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ಅಳತೆಕಡ್ಡಿಯಿಂದ ತೈಲದ ಮಟ್ಟ ನೋಡಬೇಕು. ಕಡಿಮೆಯಿದ್ದರೆ ಸರಿಯಾದ ದರ್ಜೆಯ ತೈಲವನ್ನು ತುಂಬಿಸಿ, ಎಂಜಿನ್ ಆರಂಭಿಸಿದಾಗ ದೀಪ ಕೆಲ ಕ್ಷಣಗಳಲ್ಲಿ ಆರುವುದೇ ಎಂದು ಗಮನಿಸಬೇಕು. ಆರದಿದ್ದರೆ, ಅಥವಾ ಮಟ್ಟ ಸರಿಯಾಗಿದ್ದೂ ದೀಪ ಹೊತ್ತಿದ್ದರೆ, ಕಾರನ್ನು ಎಳೆಸಿಕೊಂಡು ಹೋಗುವುದೊಂದೇ ದಾರಿ. ಎಳೆಸುವ ಖರ್ಚು ಎಂಜಿನ್ನಿನ ಖರ್ಚಿನ ಮುಂದೆ ಏನೂ ಅಲ್ಲ. ಮಕ್ಕಳು ಮರಿಗಳೊಂದಿಗೆ ಘಾಟಿಯ ನಡುವೆ ಎಂಜಿನ್ ಹಠಾತ್ತನೆ ಕಚ್ಚಿಕೊಂಡು ನಿಲ್ಲುವ ಅಪಾಯಕ್ಕಂತೂ ಬೆಲೆ ಕಟ್ಟಲಾಗದು. ಹೊರಡುವ ಮುನ್ನ ಅಳತೆಕಡ್ಡಿಯನ್ನು ಒಮ್ಮೆ ನೋಡುವುದಕ್ಕೆ ಎರಡು ನಿಮಿಷ ಸಾಕು.

ಮಾರ್ಪಾಡಿನ ಹವ್ಯಾಸವುಳ್ಳ ಯುವಕರು ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದೇಶನಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ವೇಗದ ಹಂಬಲವಿದ್ದರೆ ಅದಕ್ಕೆಂದೇ ಪಂದ್ಯದ ಹಾದಿಗಳಿವೆ, ತರಬೇತಿಯೂ ಇದೆ. ಸಾರ್ವಜನಿಕ ರಸ್ತೆ ಅದರ ಸ್ಥಳವಲ್ಲ.

ಯಂತ್ರ ಮಾತನಾಡದು, ಆದರೆ ಸನ್ನೆ ಮಾಡುತ್ತದೆ. ತೈಲದ ಒತ್ತಡದ ಮುಳ್ಳು ಅಂತಹ ಸನ್ನೆಗಳಲ್ಲಿ ಬಹು ಮುಖ್ಯವಾದುದು. ವೇಗ, ಉಷ್ಣತೆ, ಸಂದು ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಅದರ ಭಾಷೆ ಅರ್ಥವಾಗುತ್ತದೆ. ಮನೆಯಲ್ಲಿ ಕಾರಿನ ಹುಚ್ಚಿರುವ ಮಕ್ಕಳಿದ್ದರೆ ಹಿರಿಯರು ಅವರೊಡನೆ ಕುಳಿತು ಈ ವಿಷಯವನ್ನು ಒಮ್ಮೆ ಚರ್ಚಿಸಲಿ. ಮುಳ್ಳು ಹಠಾತ್ತನೆ ಇಳಿದಾಗ ಮೊದಲು ಎಂಜಿನ್ ನಿಲ್ಲಿಸಿ ಆಮೇಲೆ ಕಾರಣ ಹುಡುಕುವ ವಿವೇಕ ಅವರಲ್ಲಿ ಬೆಳೆದರೆ ಅಷ್ಟೇ ಸಾಕು.